ಎಷ್ಟು ಕಡೆ ತೆರೆದಿರಲಿ

ಎಸ್ಸೆನ್ ಮೇಳದ ನಕ್ಷೆ ಬಂದಿದೆ. ಶುಕ್ರವಾರದೊಳಗೆ ಉತ್ತರ ಬೇಕಂತೆ.
ಐದನೇ ಹಾಲ್, ಹನ್ನೆರಡು ಚದರ ಮೀಟರು.
ಲೆಕ್ಕದವಳು ನಾನು, ನನಗೆ ಕಾಣುವುದು ದರದ ಕಾಲಂ ಮಾತ್ರ:
ಒಂದು ಕಡೆ ತೆರೆದ ಮಳಿಗೆಗೆ ಇಷ್ಟು,
ಮೂಲೆಯದಾದರೆ ಎರಡು ಕಡೆ, ಅದಕ್ಕೆ ಇನ್ನಷ್ಟು,
ಮೂರು ಕಡೆಯದಕ್ಕೆ ಪರ್ಯಾಯ ದ್ವೀಪ,
ನಾಲ್ಕೂ ಕಡೆಯದಕ್ಕೆ ದ್ವೀಪ ಎಂದು ಹೆಸರು.
ಗೋಡೆ ಕಡಿಮೆಯಾದಷ್ಟೂ ಬೆಲೆ ಹೆಚ್ಚು.
ವೆಲ್ಬರ್ಟಿನಲ್ಲಿ ತೊಂಬತ್ತು ವರ್ಷ ಬೀಗ ಮಾಡಿ ಮಾಡಿ
ಸ್ವಲ್ಪ ಬೀಗಿಯೂ ಇದ್ದ ನಮಗೆ
ಈ ಗಣಿತ ತಲೆಗೆ ಹತ್ತುವುದು ತಡ.

ಯಜಮಾನ ಎಗ್‌ಬರ್ಟ್ ಸಾಲಿನ ನಡುವಿನದೇ ಸಾಕೆಂದರು:
ಬೆನ್ನಿಗೊಂದು ಗೋಡೆ, ಪಕ್ಕೆಗೆರಡು.
ಬರುವವನ ಮುಖ ಒಂದೇ ದಿಕ್ಕಿನಿಂದ ಕಾಣಬೇಕು.
ಹೋದ ಸಲ ಮಾದರಿಯ ಬೀಗವನ್ನೇ ಯಾರೋ ಕದ್ದಿದ್ದರು,
ಆ ಮಾತು ನಾವು ಊರಲ್ಲಿ ಆಡುವುದಿಲ್ಲ.
ಮಗಳು ಇಮ್ಕೆಗೆ ದ್ವೀಪವೇ ಆಗಬೇಕು,
ನಾಲ್ಕು ದಿಕ್ಕಿನ ಜನ ನಾಲ್ಕು ದಿಕ್ಕಿನಿಂದ ಬರಲಿ.
ಹಾಗಾದರೆ ಕೋಟು ಎಲ್ಲಿ ನೇತು ಹಾಕುವುದು? ನಾನು ಕೇಳಿದೆ.
ನೀರಿನ ಬಾಟಲಿಯ ಕ್ರೇಟು?
ಮಧ್ಯಾಹ್ನ ಬ್ರೆಡ್ಡು ಕಚ್ಚುವ ನನ್ನ ಬಾಯಿ?
ಯಾರೂ ಉತ್ತರಿಸಲಿಲ್ಲ.
ನಕ್ಷೆಯೊಳಗೆ ಯಾರಿಗೂ ಹಸಿವಿಲ್ಲ, ಕಾಲು ನೋವಿಲ್ಲ.

ಆಮೇಲೆ ನೆವ್ಜಾತ್ ಬಂದ, ಎಣ್ಣೆಗೈ ಒರೆಸುತ್ತ,
ಮೂವತ್ತೊಂದು ವರ್ಷ ಬೀಗದ ಕೈಗಳಿಗೆ ಹಲ್ಲು ಕೊಯ್ದವನು.
ಕಾಗದ ನೋಡಲಿಲ್ಲ. ಸೀಮೆಸುಣ್ಣ ಹಿಡಿದು
ಪ್ಯಾಕಿಂಗ್ ಕೋಣೆಯ ನೆಲದ ಮೇಲೆ
ಮೂರಕ್ಕೆ ನಾಲ್ಕು ಮೀಟರು ಗೆರೆ ಎಳೆದ.
ಡಬ್ಬ ಕೌಂಟರಾಯಿತು, ಪೊರಕೆ ನಿಂತು ಬ್ಯಾನರಾಯಿತು.
"ನೀವು ಒಳಗಿರಿ. ಗಿರಾಕಿ ನಾನು."
ನಡೆದುಬಂದ, ಇಲ್ಲದ ಕೈಚೀಲ ತೂಗಿಸುತ್ತ, ಎಲ್ಲೋ ನೋಡುತ್ತ,
ನಮ್ಮ ಮುಂದೆ ಒಂದು ಗಳಿಗೆ ನಿಧಾನಿಸಿ
ಹಾಗೇ ಹೋಗಿಬಿಟ್ಟ.
ತಿರುಗಿ ಬಂದು ಹೇಳಿದ:
"ಮೇಜು ಅಡ್ಡ ಇಟ್ಟು ಅದರ ಹಿಂದೆ ನಿಂತಿದ್ದೀರಿ.
ಪಾಸ್‌ಪೋರ್ಟು ಕೇಳುತ್ತೀರೇನೋ ಅಂದುಕೊಂಡೆ."
ಎಗ್‌ಬರ್ಟ್ ನಗಲಿಲ್ಲ. ಬಗ್ಗಿ
ತಾವೇ ಡಬ್ಬ ತಳ್ಳಿ ಪಕ್ಕಕ್ಕಿಟ್ಟರು.

ಸಂಜೆಯವರೆಗೂ ಅದೇ ಕೆಲಸ, ತಳ್ಳುವುದು, ನಡೆಯುವುದು.
ಕುರ್ಚಿ ಬೇಡವೆಂದಾಯಿತು. ಕೂತವರು ಎದ್ದು ನಗುವಷ್ಟರಲ್ಲಿ
ಬಂದವನು ಎದುರಿನ ಮಳಿಗೆಯಲ್ಲಿರುತ್ತಾನೆ,
ಅವರದು ಬೆರಳು ಮುಟ್ಟಿದರೆ ತೆರೆಯುವ ಬೀಗ.
ಅಳೆದು ಸುರಿದು ಮೂಲೆಯದಕ್ಕೆ ಬಂದು ನಿಂತೆವು.
ಆಗ ಇಮ್ಕೆಯ ಕಣ್ಣಿಗೆ ಬಿತ್ತು
ನಕ್ಷೆಯಲ್ಲಿ ಸಾಸಿವೆಯಷ್ಟು ಕಪ್ಪು ಚೌಕ.
ಮೂಲೆ ಇಷ್ಟು ಅಗ್ಗ ಯಾಕೆಂದು ನನಗೆ ಆಗಲೇ ಅನುಮಾನವಿತ್ತು:
ಕಂಬ. ಚಾವಣಿ ಹೊತ್ತ ಕಾಂಕ್ರೀಟು ಕಂಬ,
ಸರಿಯಾಗಿ ನಾವು ಜನರನ್ನು ಕರೆಯಬೇಕಾದ ಜಾಗದಲ್ಲಿ.
ನೆವ್ಜಾತ್ ಅದನ್ನೂ ನೆಲದ ಮೇಲೆ ಬರೆದ.
ಹೊಸ ಬೀಗರ ಮನೆಗೆ ಬಂದವರಂತೆ
ಅದರ ಸುತ್ತ ಮಾತಿಲ್ಲದೆ ನಿಂತೆವು.

"ಬಾಗಿಲಿಗೆ ಕಂಬ ಬೇಕಲ್ಲವೇ," ಅಂದ ಕೊನೆಗೆ.

ಅಷ್ಟೇ. ಕಂಬಕ್ಕೊಂದು ಬಾಗಿಲು,
ಓಕ್ ಮರದ್ದು, ಚೌಕಟ್ಟು ಸಮೇತ, ನಮ್ಮ ಹಳೆಯ ಬೀಗ ಜಡಿದದ್ದು.
ಅದರಾಚೆ ಗೋಡೆಯಿಲ್ಲ.
ಬೀಗದ ಕೈ ದಾರದಲ್ಲಿ ನೇತಾಡಲಿ.
ಬಳಸಿ ಬರುವವರು ಬಳಸಿ ಬರಲಿ,
ತಿರುಗಿಸುವವರು ತಿರುಗಿಸಲಿ.
ನಾಲಗೆ ಸರಿದು ಒಳಗೆ ಕೂರುವ ಆ ಸದ್ದು,
ಅದನ್ನು ಕೇಳಿಸುವುದಕ್ಕೇ ಅಲ್ಲವೇ ನಾವು ಹೋಗುವುದು.

ಫಾರಂ ತುಂಬಿದೆ. ತೆರೆದ ಕಡೆಗಳು: ಎರಡು.
ಕೋಟಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.
ಸೀಮೆಸುಣ್ಣದ ಗೆರೆ ಯಾರೂ ಒರೆಸಿಲ್ಲ.
ಪಾಳಿ ಮುಗಿಸಿದವರು ಅದನ್ನು ತುಳಿಯದೆ
ಇಲ್ಲದ ಗೋಡೆ ಸುತ್ತಿ, ಇಲ್ಲದ ಬಾಗಿಲಿನಿಂದ ದಾಟುತ್ತಾರೆ.
ನಿನ್ನೆ ರಾತ್ರಿ ದೀಪ ಆರಿಸಲು ಹೋದ ಎಗ್‌ಬರ್ಟ್
ಅಲ್ಲಿ ನಿಂತು
ಜೇಬು ತಡಕಿದ್ದನ್ನು ನಾನು ಕಂಡೆ.